ಅಬ್ಬೆ ಡುಬಾಯ್ ಪಾದ್ರಿಯೂ ನಮ್ಮ ದೇಶಾಚಾರವೂ

ಪರದೇಶದಿಂದ ಬಂದವನು ಒಂದು ನಾಡಿನ ಭಾಷೆಯನ್ನು ಕಲಿಯುವುದು ಅಷ್ಟೇನೂ ದುಸ್ಸಾಧ್ಯವಾದುದಲ್ಲ. ದಿನವೂ ಕಿವಿಗೆ ಬೀಳುವ ಮಾತು ಎರಡು ಮೂರು ವರ್ಷಗಳಲ್ಲಿ ನಾಲಗೆಗೆ ಬಂದೇ ಬರುತ್ತದೆ. ಆದರೆ ಆ ನಾಡಿನವರು ಬೆಳಗ್ಗೆ ಎದ್ದು ಹಲ್ಲುಜ್ಜುವ ಬಗೆ, ನೀರು ಕುಡಿಯುವ ಬಗೆ, ಎಲೆಯ ಮುಂದೆ ಕುಳಿತುಕೊಳ್ಳುವ ಬಗೆ, ಯಾವುದನ್ನು ಯಾವ ಕೈಯಿಂದ ಮುಟ್ಟಬೇಕು, ಯಾವುದನ್ನು ಮುಟ್ಟಲೇ ಕೂಡದು ಎಂಬ ವಿವೇಕ, ಇವುಗಳನ್ನು ಕಲಿಯುವುದು ಬಹು ಕಷ್ಟ. ಇವುಗಳಿಗೆ ವ್ಯಾಕರಣವಿಲ್ಲ. ಹುಟ್ಟಿದ ಮನೆಯಲ್ಲಿ ತಾಯಿಯ ಗದರಿಕೆಯೇ ಇವುಗಳಿಗೆ ಸೂತ್ರ. ಅಜ್ಜಿಯ ಗೊಣಗಾಟವೇ ಭಾಷ್ಯ. ಮೂವತ್ತು ವರ್ಷ ವಯಸ್ಸಾದ ಮೇಲೆ ಈ ಪಾಠಕ್ಕೆ ಕುಳಿತುಕೊಳ್ಳುವ ಶಿಷ್ಯರು ಎಲ್ಲಿಯೂ ವಿರಳ.

1799ನೆಯ ಮೇ ತಿಂಗಳ 4ರಂದು ಶ್ರೀರಂಗಪಟ್ಟಣವು ಬಿದ್ದ ತರುವಾಯ, ಜೂನ್ 30ರಂದು ಐದು ವರ್ಷದ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಗಿ, ಮೈಸೂರು ಮರಳಿ ರಾಜಧಾನಿಯಾಯಿತು. ಆಗ ಇಲ್ಲಿಗೆ ಬಂದ ಇಂಗ್ಲಿಷ್ ಅಧಿಕಾರಿಗಳು ಮೇಲೆ ಹೇಳಿದ ಕಷ್ಟಕ್ಕೆ ಒಳಗಾಗಲಿಲ್ಲ. ಅವರ ಮೇಜು, ಅವರ ಅಡಿಗೆಯವನು, ಅವರ ಊಟದ ಹೊತ್ತು ಎಲ್ಲವೂ ಅವರ ಹಿಂದೆಯೇ ಹಡಗಿನಲ್ಲಿ ಬಂದಿದ್ದುವು. ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ಮೈಸೂರಿನಲ್ಲಿ ವಾಸಿಸುತ್ತಿದ್ದ ಮನೆಯು ಇಂದು ಮಾನವ ಸಂಗ್ರಹಾಲಯವಾಗಿದೆ. ಮಾನವರ ಆಚಾರವ್ಯವಹಾರಗಳನ್ನು ತೋರಿಸಲು ಇಂದು ಬಳಕೆಯಾಗುವ ಆ ಮನೆಯ ಅಂದಿನ ಯಜಮಾನನಿಗೆ ಬೀದಿಯ ಆಚೆಯ ಮನೆಗಳಲ್ಲಿ ನಡೆಯುತ್ತಿದ್ದ ಆಚಾರಗಳು ಎಷ್ಟು ತಿಳಿದಿದ್ದುವೋ ಹೇಳಲಾಗದು.

ಅದೇ ಕಾಲದಲ್ಲಿ ಅದೇ ವೆಲ್ಲೆಸ್ಲಿಯ ಶಿಫಾರಸಿನಿಂದ ಶ್ರೀರಂಗಪಟ್ಟಣಕ್ಕೆ ಬಂದ ಒಬ್ಬ ಪರದೇಶದವನು ಮಾತ್ರ ಬೇರೆ ದಾರಿಯನ್ನು ಹಿಡಿದಿದ್ದನು. ಆತನೇ ಫ್ರಾನ್ಸ್ ದೇಶದ ಪಾದ್ರಿಯಾದ ಜಾನ್ ಆಂತ್ವಾನ್ ಡುಬಾಯ್. ಫ್ರೆಂಚರು ಆ ಹೆಸರನ್ನು ಬೇರೆ ವಿಧವಾಗಿ ಉಚ್ಚರಿಸುವರು. ನಮ್ಮಲ್ಲಿ ರೂಢಿಯಾದ ರೂಪವೇ ಇಲ್ಲಿ ಸಾಕು. ಅಬ್ಬೆ ಎಂಬುದು ಆತನ ಪದವಿ. ಅವರ ಭಾಷೆಯಲ್ಲಿ ಅದಕ್ಕೆ ಗುರುಸ್ಥಾನದ ತಂದೆಯೆಂಬ ಅರ್ಥ. ಹಳಗನ್ನಡದಲ್ಲಿಯೋ ಅಬ್ಬೆಯೆಂದರೆ ತಾಯಿ. ಈ ವಿಪರೀತವನ್ನು ಕೇಳಿದ ಕನ್ನಡಿಗರು ನಕ್ಕಿದ್ದರೂ ನಕ್ಕಿರಬಹುದು. ಅವರು ಆತನನ್ನು ಕರೆಯುತ್ತಿದ್ದುದು ಮಾತ್ರ ದೊಡ್ಡಸ್ವಾಮಿಯವರು ಎಂದು.

ಈ ದಾರಿಯನ್ನು ಮೊದಲು ತುಳಿದವನು ಆತನಲ್ಲ. ಇಟಲಿಯ ರಾಬರ್ಟ್ ದ ನೋಬಿಲಿ ಎಂಬ ಜೆಸ್ಯೂಟ್ ಪಾದ್ರಿಯು 1606ರಲ್ಲಿ ಮಧುರೆಗೆ ಬಂದು, ಕಾವಿಯುಟ್ಟು, ಮಾಂಸವನ್ನು ಬಿಟ್ಟು, ಸನ್ಯಾಸಿಯಂತೆ ಬಾಳಿದನು. ಆತನ ಪದ್ಧತಿಯನ್ನೇ ಅನುಸರಿಸಿ ಲಿಯೊನಾರ್ಡೊ ಚಿನ್ನಾಮಿ ಎಂಬಾತನು 1649ರಲ್ಲಿ, ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡಕ್ಕೆ ಒಂದು ವ್ಯಾಕರಣವನ್ನೂ ಬರೆದನು. ನಿತ್ಯಸ್ನಾನ, ಹಣೆಗೆ ಗಂಧ, ಮದ್ಯಮಾಂಸವರ್ಜನ ಇವು ಆ ಪಾದ್ರಿಗಳ ನಿಯಮಗಳಾಗಿದ್ದುವು. ಈ ಆಚಾರಗಳಲ್ಲಿ ಎಷ್ಟು ಲೌಕಿಕ, ಎಷ್ಟು ವೈದಿಕ ಎಂದು ರೋಮಿನಲ್ಲಿ ನೂರು ವರ್ಷಕ್ಕೂ ಮೀರಿ ವಾದವಾಯಿತು. ಕೊನೆಗೆ 1744ರಲ್ಲಿ ಪೋಪರು ಅವುಗಳಲ್ಲಿ ಹಲವನ್ನು ನಿಷೇಧಿಸಿದರು. 1773ರಲ್ಲಿ ಜೆಸ್ಯೂಟ್ ಸಂಘವನ್ನೇ ವಿಸರ್ಜಿಸಿದ ಬಳಿಕ ಈ ಪ್ರಾಂತದ ಕೆಲಸವು ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘದವರ ಪಾಲಿಗೆ ಬಂದಿತು. ಡುಬಾಯ್ ಈ ಸಂಘಕ್ಕೆ ಸೇರಿದವನು.

ಆತನು 1792ರಲ್ಲಿ ದೀಕ್ಷೆಯನ್ನು ಪಡೆದು ಅದೇ ವರ್ಷ ಹಡಗನ್ನು ಹತ್ತಿದನು. ಫ್ರಾನ್ಸಿನಲ್ಲಿ ಆಗ ರಾಜಕ್ರಾಂತಿ. ಅಲ್ಲಿಯೇ ಉಳಿದಿದ್ದರೆ ತನ್ನ ಗೆಳೆಯರಂತೆ ತಾನೂ ಬಲಿಯಾಗುತ್ತಿದ್ದೆನೆಂದು ಆತನೇ ಹೇಳಿಕೊಂಡಿದ್ದಾನೆ. ಮೊದಲ ಕೆಲವು ವರ್ಷಗಳನ್ನು ದಕ್ಷಿಣದ ತಮಿಳು ಸೀಮೆಗಳಲ್ಲಿ ಕಳೆದು, ಟೀಪುವಿನ ಪತನದ ಅನಂತರ ಶ್ರೀರಂಗಪಟ್ಟಣಕ್ಕೆ ಬಂದನು. ಟೀಪುವಿನ ಕಾಲದಲ್ಲಿ ಬಲಾತ್ಕಾರದಿಂದ ಮತಾಂತರಗೊಂಡಿದ್ದ ಕ್ರೈಸ್ತರಲ್ಲಿ ಸುಮಾರು 1,800 ಮಂದಿಯನ್ನು ಮರಳಿ ಸೇರಿಸಿಕೊಂಡನು. ಹಾಸನದ ಕಡೆಯಲ್ಲಿ ಅವರಿಗಾಗಿ ಬೇಸಾಯದ ಊರುಗಳನ್ನು ಕಟ್ಟಿಸಿದನು. ಗಂಜಾಮಿನ ಚರ್ಚು ಈಗಲೂ ಆತನ ಹೆಸರಿನಿಂದ ಪ್ರಸಿದ್ಧವಾಗಿದೆ.

ಇನ್ನು ಆತನ ದಿನಚರಿಯ ವಿಷಯ. ನಾಡಿನವರ ಉಡುಪನ್ನೇ ತೊಟ್ಟು, ಅವರಂತೆಯೇ ಬಾಳುತ್ತ, ಅವರ ನಂಬಿಕೆಗಳ ವಿಷಯದಲ್ಲಿ ತನಗಿದ್ದ ಅಸಹ್ಯವನ್ನು ತೋರಗೊಡದೆ ನಡೆದುಕೊಂಡೆನೆಂದೂ, ಅದರಿಂದಲೇ ಎಲ್ಲ ಜಾತಿಯವರೂ ತನ್ನನ್ನು ಬರಮಾಡಿಕೊಂಡರೆಂದೂ ಆತನು ತನ್ನ ಗ್ರಂಥದ ಪೀಠಿಕೆಯಲ್ಲಿ ತಿಳಿಸಿದ್ದಾನೆ. ಥಾಮಸ್ ಹಿಕ್ಕಿ ಎಂಬ ಚಿತ್ರಗಾರನು ಬರೆದ ಪಟದಲ್ಲಿಯೂ ಆತನು ದೇಶೀಯ ವೇಷದಲ್ಲಿಯೇ ಇದ್ದಾನೆ.

ಉಡುಪನ್ನು ಬದಲಾಯಿಸುವುದು ಒಂದು ಗಳಿಗೆಯ ಕೆಲಸ. ಕಷ್ಟವೆಲ್ಲ ಅದರ ಮುಂದಿನದು. ಯೂರೋಪಿನವನಿಗೆ ಬಾಯಿಯ ನೀರು ಅಶುದ್ಧವೆಂಬ ಭಾವನೆ ನಮ್ಮಷ್ಟು ಇಲ್ಲ. ನಮಗೆ ಎಂಜಲೆಂಬುದು ಹಗಲಿರುಳೂ ಕಾಯುವ ಕಾವಲುಗಾರ. ಚೊಂಬನ್ನು ತುಟಿಗೆ ತಗುಲಿಸದೆ ಎತ್ತಿ ಕುಡಿಯುವುದನ್ನು ನಮ್ಮ ಮಕ್ಕಳು ಐದನೆಯ ವರ್ಷಕ್ಕೆ ಮೂಗಿಗೆ ನೀರು ಹೋಗಿಸಿಕೊಂಡು, ಅಂಗಿ ತೋಯಿಸಿಕೊಂಡು ಕಲಿಯುತ್ತಾರೆ. ಒಬ್ಬ ಪ್ರಾಯದ ಮನುಷ್ಯನು ಹತ್ತು ಜನರೆದುರು ಈ ಅಭ್ಯಾಸವನ್ನು ಮಾಡಬೇಕಾದರೆ ವಿನಯವು ಬೇಕು. ದಿನವೂ ಹೊಸ ಕಡ್ಡಿಯಿಂದ ಹಲ್ಲುಜ್ಜಿ ಅದನ್ನು ಎಸೆಯುವ ನಮ್ಮವರಿಗೆ, ಒಂದೇ ಕುಂಚವನ್ನು ತಿಂಗಳುಗಟ್ಟಲೆ ಬಾಯಿಗಿಟ್ಟುಕೊಳ್ಳುವ ಬಿಳಿಯರು ಎಷ್ಟು ಹೇಸಿಗೆಯವರಾಗಿ ಕಾಣುತ್ತಾರೆಂಬುದು ಆತನ ಗ್ರಂಥದಲ್ಲಿ ಬಂದಿದೆ. ಸಿಂಬಳವನ್ನು ವಸ್ತ್ರದಲ್ಲಿ ಸುತ್ತಿ ಭದ್ರವಾಗಿ ಜೇಬಿನಲ್ಲಿಟ್ಟುಕೊಳ್ಳುವ ಪದ್ಧತಿಯನ್ನು ಕಂಡು ನಮ್ಮವರು ಬೆರಗಾಗುತ್ತಿದ್ದುದೂ ಬಂದಿದೆ. ಇಂದು ಮೈಸೂರಿನ ಪ್ರತಿಯೊಂದು ಮನೆಯ ಬಚ್ಚಲಿನಲ್ಲಿಯೂ ಕುಂಚವಿದೆ, ಪ್ರತಿಯೊಬ್ಬರ ಜೇಬಿನಲ್ಲಿಯೂ ಕರವಸ್ತ್ರವಿದೆ. ಯಾರು ಯಾರ ಆಚಾರವನ್ನು ಕಲಿತರೆಂಬುದು ಕಾಲದ ಲೆಕ್ಕಕ್ಕೆ ಬಿಟ್ಟ ವಿಷಯ.

ಇಂತಹ ಬಾಳಿಗೆ ಊರವರು ತೋರಿಸಿದ ಗೌರವದ ಸಾಕ್ಷ್ಯವನ್ನು ಕೊಟ್ಟವನು ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ, ಮುಂದೆ ಮೈಸೂರಿನ ಚರಿತ್ರೆಯನ್ನು ಬರೆದು ಪ್ರಸಿದ್ಧನಾದ ಮೇಜರ್ ಮಾರ್ಕ್ ವಿಲ್ಕ್ಸ್. ಆತನು ಬರೆಯುವುದೇನೆಂದರೆ: ಈ ಪಾದ್ರಿಯು ಸಂಚಾರಮಾಡುತ್ತ ಒಂದು ಹಳ್ಳಿಯನ್ನು ಸಮೀಪಿಸಿದರೆ, ಸರ್ಕಾರದ ಅಧಿಕಾರಿಗಳು ಹೇಳದಿದ್ದರೂ, ಬಹುಮಟ್ಟಿಗೆ ಅವರಿಗೆ ತಿಳಿಯುವುದಕ್ಕೂ ಮುಂಚೆ, ಊರವರು ತಾವಾಗಿಯೇ ಬ್ರಾಹ್ಮಣನೊಬ್ಬನ ಮನೆಯನ್ನು ಆತನ ಬಿಡಾರಕ್ಕಾಗಿ ತೆರವು ಮಾಡಿಕೊಡುತ್ತಾರೆ.

ಈ ಮಾತನ್ನು ಆತನ ಚರಿತ್ರೆಯನ್ನು ಬರೆದವರೆಲ್ಲರೂ ಮೆಚ್ಚಿಕೊಂಡು ಉದಾಹರಿಸುತ್ತಾರೆ. ಮೆಚ್ಚತಕ್ಕ ಮಾತೇ ಸರಿ. ಪರದೇಶದ ಪಾದ್ರಿಯೊಬ್ಬನಿಗೆ, ಅದೂ ರಾಜ್ಯವು ಆಗತಾನೆ ಕೈಬದಲಾಯಿಸಿದ್ದ ಕಾಲದಲ್ಲಿ, ಭಯವಿಲ್ಲದೆ ಪ್ರೀತಿಯಿಂದ ಮನೆಯನ್ನು ಬಿಟ್ಟುಕೊಡುವುದು ಅಲ್ಪವಾದ ಗೌರವವಲ್ಲ. ಆದರೆ ಅದನ್ನು ನಮ್ಮ ಹಳ್ಳಿಯ ಮನೆಗಳನ್ನು ಬಲ್ಲವರು ಇನ್ನೊಂದು ಸಲ ಓದಬೇಕು. ಮನೆಯನ್ನು ತೆರವು ಮಾಡಿಕೊಟ್ಟರೆಂದರೆ ಮನೆಯವರು ಹೊರಗೆ ಹೋದರೆಂದು ಅರ್ಥ. ಗೃಹಿಣಿಯು ಮಡಿಯ ಪಾತ್ರೆಗಳನ್ನು ಎತ್ತಿಕೊಂಡು, ದೇವರ ಪೆಟ್ಟಿಗೆಯನ್ನು ತೆಗೆದುಕೊಂಡು, ಮಕ್ಕಳೊಡನೆ ನೆರೆಮನೆಗೆ ಹೋಗಿರಬೇಕು. ಅತಿಥಿಯು ಹೊರಟ ಮರುಗಳಿಗೆ ಸೆಗಣಿಯ ನೀರು ಹಾಕಿ ಸಾರಿಸಿ, ಪುಣ್ಯಾಹವನ್ನು ಮಾಡಿಸಿಯೇ ಮರಳಿ ಒಲೆ ಹಚ್ಚಿರಬೇಕು. ಆತನಿಗೆ ಮನೆ ದೊರೆಯಿತು; ಮನೆವಾರ್ತೆ ದೊರೆಯಲಿಲ್ಲ. ಜಗುಲಿಯಲ್ಲಿ ಕುಳಿತು ಯಜಮಾನನೊಡನೆ ಎಷ್ಟು ಹೊತ್ತು ಮಾತನಾಡಿದರೂ, ಒಳಗೆ ಪಂಕ್ತಿಯಲ್ಲಿ ಎಲೆ ಹಾಕುವಾಗ ಆತನ ಎಲೆ ಆ ಸಾಲಿನಲ್ಲಿ ಬೀಳುವಂತಿರಲಿಲ್ಲ. ಇದರಲ್ಲಿ ಆತನ ದೋಷವೂ ಇಲ್ಲ, ಮನೆಯವರ ಕ್ರೌರ್ಯವೂ ಇಲ್ಲ. ಅದೇ ಊರಿನಲ್ಲಿ ಹುಟ್ಟಿ ಬೆಳೆದ ಅನೇಕರಿಗೆ ಆ ಜಗುಲಿಯನ್ನು ಹತ್ತುವ ಅಧಿಕಾರವೂ ಇರಲಿಲ್ಲವೆಂಬುದನ್ನು ನೆನೆದರೆ, ಪರದೇಶದವನಿಗೆ ಸಂದ ಮರ್ಯಾದೆ ಅತಿಶಯವೆಂದೇ ತೋರುತ್ತದೆ. ನಮ್ಮವರಿಗೆ ಸಲ್ಲದೆ ಹೋದುದರ ನಾಚಿಕೆಯೂ ಅದರ ಜೊತೆಯಲ್ಲಿಯೇ ತೋರುತ್ತದೆ.

ಜಗುಲಿಯ ಈ ವಿಶ್ವಾಸವು ನಿಜವಾಗಿ ಫಲಿಸಿದುದು ಸಿಡುಬಿನ ಕಾಲದಲ್ಲಿ. ಗೋವಿನ ಸಿಡುಬಿನಿಂದ ಮನುಷ್ಯನ ಸಿಡುಬನ್ನು ತಡೆಯುವ ಜೆನ್ನರನ ವಿಧಾನವು 1802ರಲ್ಲಿ ಮುಂಬಯಿಗೆ ಬಂದಿಳಿಯಿತು. ಇಂದಿನಂತೆ ಔಷಧವನ್ನು ಸೀಸೆಯಲ್ಲಿ ತುಂಬಿ ಹಿಮದಲ್ಲಿಟ್ಟು ತರುವ ಸೌಕರ್ಯ ಆಗ ಇರಲಿಲ್ಲ. ಒಂದು ಮಗುವಿನ ತೋಳಿನಲ್ಲಿ ಗೀರಿ ಹಾಕಿದರೆ, ಎಂಟನೆಯ ದಿನದ ಸುಮಾರಿಗೆ ಗುಳ್ಳೆ ತುಂಬಿ ಬರುವುದು; ಅದರ ರಸವನ್ನು ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕಬೇಕು. ಹೀಗೆ ತೋಳಿನಿಂದ ತೋಳಿಗೆ ಸರಪಳಿ ಕಡಿಯದಂತೆ ನಡೆದರೆ ಮಾತ್ರ ಔಷಧವು ಒಂದು ಊರಿನಿಂದ ಇನ್ನೊಂದು ಊರನ್ನು ಮುಟ್ಟುವುದು. ಯಾರ ಮಗುವಿನ ಮೈಯ ರಸವು ಯಾರ ಮಗುವಿನ ಮೈಗೆ ಸೇರಬೇಕೆಂಬ ಪ್ರಶ್ನೆಯು ನಮ್ಮ ಸಮಾಜದಲ್ಲಿ ಎಷ್ಟು ಕಠಿನವಾದುದೆಂಬುದನ್ನು ವಿವರಿಸಬೇಕಾದುದಿಲ್ಲ. ಅದರ ಮೇಲೆ ಸಿಡುಬು ರೋಗವಲ್ಲ, ಅಮ್ಮನವರ ಆಗಮನ. ಅದನ್ನು ತಡೆಯುವುದು ಅಪಚಾರವೆಂಬ ಭಯ. ಕಂಪನಿಯ ವೈದ್ಯನು ಸಿಪಾಯಿಗಳೊಡನೆ ಬಂದು ಕೇಳಿದರೆ ತಾಯಿಯು ಮಗುವನ್ನು ಅಟ್ಟದಲ್ಲಿ ಬಚ್ಚಿಡುವಳು.

ಡುಬಾಯ್ ಈ ಕೆಲಸಕ್ಕೆ ಕೈಹಾಕಿದನು. 1803-04ರಲ್ಲಿ ಆತನ ಪ್ರಯತ್ನದಿಂದ ಸಿಡುಬಿನ ಲಸಿಕೆ ಹಾಕಿಸಿಕೊಂಡವರ ಸಂಖ್ಯೆ 25,432 ಎಂದು ಸರ್ಕಾರದ ಕಾಗದಗಳಲ್ಲಿ ದಾಖಲಾಗಿದೆ. ಎರಡು ವರ್ಷಗಳೊಳಗೆ ಅಷ್ಟು ತೋಳುಗಳು ಮುಂದೆ ಬಂದುವೆಂದರೆ, ಆತನು ಉಟ್ಟ ಬಟ್ಟೆಯೂ ಕುಡಿಯುವಾಗ ಎತ್ತಿ ಹಿಡಿದ ಚೊಂಬೂ ವ್ಯರ್ಥವಾಗಲಿಲ್ಲ. ಸ್ವಲ್ಪ ಕಾಲದಲ್ಲಿಯೇ ಮೈಸೂರಿನ ಅರಮನೆಯೂ ಈ ವಿಷಯದಲ್ಲಿ ಮೇಲ್ಪಂಕ್ತಿಯನ್ನು ಹಾಕಿತು. 1805ರ ಸುಮಾರಿನಲ್ಲಿ ಅದೇ ಥಾಮಸ್ ಹಿಕ್ಕಿಯು ಬರೆದ ಮೂವರು ರಾಜಸ್ತ್ರೀಯರ ಚಿತ್ರವೊಂದಿದೆ. ಅದರಲ್ಲಿ ಒಬ್ಬ ರಾಣಿಯು ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಿರುವುದು ಲಸಿಕೆಯ ಪ್ರಚಾರಕ್ಕಾಗಿಯೇ ಎಂದು ಈಚಿನ ಇತಿಹಾಸಕಾರರು ಅಭಿಪ್ರಾಯಪಟ್ಟಿದ್ದಾರೆ.

ಇದೇ ಕಾಲದಲ್ಲಿ ಆತನ ಹಸ್ತಪ್ರತಿಯು ವಿಲ್ಕ್ಸನ ಕೈಗೆ ಬಂದಿತು. ಹಿಂದುಗಳ ನಡೆನುಡಿ, ಸಂಸ್ಕಾರಗಳು, ಮಡಿಮೈಲಿಗೆ, ಹಬ್ಬಹರಿದಿನ ಎಲ್ಲವನ್ನೂ ವಿವರಿಸಿದ ಫ್ರೆಂಚ್ ಗ್ರಂಥವದು. ಮದರಾಸಿನ ಗವರ್ನರನಾಗಿದ್ದ ಲಾರ್ಡ್ ವಿಲಿಯಂ ಬೆಂಟಿಂಕನು ಅದನ್ನು ನೋಡಿ ಬಹಳವಾಗಿ ಮೆಚ್ಚಿದನು. ಆತನು ಕೊಟ್ಟ ಕಾರಣವು ಗಮನಾರ್ಹವಾದುದು. ನಾವು ಈ ಜನರೊಡನೆ ಬೆರೆಯಲಾರೆವು, ಅವರನ್ನು ಅವರ ಮನೆಗಳಲ್ಲಿ ಹೆಂಡಿರುಮಕ್ಕಳೊಡನೆ ಇರುವಾಗ ಕಾಣಲಾರೆವು, ಆದುದರಿಂದ ಅವರ ವಿಷಯವಾಗಿ ನಮಗೆ ತಿಳಿದುದು ಬಹು ಕಡಿಮೆ ಎಂಬುದು ಆತನ ಮಾತಿನ ಸಾರಾಂಶ. ಕಂಪನಿಯು ಆ ಹಸ್ತಪ್ರತಿಗೆ 2,000 ವರಹಗಳನ್ನು ಕೊಟ್ಟಿತು. ತಾವು ಹೊಕ್ಕಲಾರದ ಮನೆಯ ಒಳಗನ್ನು ನೋಡಿ ಬಂದವನಿಂದ ಅದರ ನಕ್ಷೆಯನ್ನು ಕ್ರಯಕ್ಕೆ ಕೊಂಡಂತೆ ಇದು. 1816ರಲ್ಲಿ ಅದರ ಇಂಗ್ಲಿಷ್ ಭಾಷಾಂತರವು ಲಂಡನ್ನಿನಲ್ಲಿ ಅಚ್ಚಾಯಿತು. ಅಷ್ಟರಲ್ಲಿ ಗ್ರಂಥಕರ್ತನು ಹಸ್ತಪ್ರತಿಯನ್ನು ಮರಳಿ ಪಡೆದು ಬಹುವಾಗಿ ತಿದ್ದಿ ಬೆಳೆಸಿದ್ದನು. ಆ ತಿದ್ದುಪಡಿಯು ಲಂಡನ್ನನ್ನು ಸೇರುವ ವೇಳೆಗೆ ಪುಸ್ತಕವು ಹೊರಬಿದ್ದಾಗಿತ್ತು. ಫ್ರೆಂಚ್ ಮೂಲವು ಪ್ಯಾರಿಸ್ಸಿನಲ್ಲಿ 1825ರಲ್ಲಿ ಪ್ರಕಟವಾಯಿತು. ತಿದ್ದಿದ ಪಾಠದಿಂದ ಹೆನ್ರಿ ಬೋಷಾಂ ಮಾಡಿದ ಹೊಸ ಇಂಗ್ಲಿಷ್ ಭಾಷಾಂತರವು ಆಕ್ಸ್‌ಫರ್ಡಿನಲ್ಲಿ 1897ರಲ್ಲಿ ಹೊರಬಂದಿತು. ಇದಕ್ಕೆ ಮಾತು ಬರೆದ ಮ್ಯಾಕ್ಸ್ ಮುಲ್ಲರ್ ಪಂಡಿತನು, ಗ್ರಂಥಕರ್ತನು ಸಂಸ್ಕೃತಜ್ಞನಲ್ಲದಿದ್ದರೂ ಕಣ್ಣಾರೆ ಕಂಡವನೆಂಬ ಕಾರಣದಿಂದ ಆತನಿಗೆ ಬೆಲೆ ಕಟ್ಟಿದನು. ಅಂದಿನಿಂದ ಅದೊಂದು ಪ್ರಮಾಣಗ್ರಂಥವಾಗಿ ನಡೆದುಬಂದಿತು.

ಆ ಗ್ರಂಥವನ್ನು ಓದಿದ ನಮ್ಮವರಿಗೆ ಒಂದು ಸಂಕಟವಿದ್ದೇ ಇತ್ತು. ವರ್ಣನೆಯಲ್ಲಿ ಸೂಕ್ಷ್ಮತೆಯಿದೆ, ಪರಿಶ್ರಮವಿದೆ. ಜಾತಿಕಟ್ಟಳೆಯು ಸಮಾಜವನ್ನು ಹಿಡಿದಿಟ್ಟಿತೆಂಬ ಮೆಚ್ಚುಗೆಯೂ ಉಂಟು. ಆದರೆ ಪುಟಪುಟಕ್ಕೂ ನಿಂದೆಯು ಇಣುಕುತ್ತದೆ. ಮೂವತ್ತು ವರ್ಷ ಜಗುಲಿಯಲ್ಲಿ ಕೂರಿಸಿಕೊಂಡವರನ್ನು ಕಪಟಿಗಳೆಂದೂ ಮೂಢರೆಂದೂ ಬರೆದ ಲೇಖನಿಗೆ ದಾಕ್ಷಿಣ್ಯವೇ ಇರಲಿಲ್ಲವೆ ಎಂದು ಕೇಳುವಂತಾಗುತ್ತದೆ. ಅಸಹ್ಯವನ್ನು ಒಳಗೆ ಅಡಗಿಸಿ ಹೊರಗೆ ಆಚರಿಸಿದೆನೆಂದು ಆತನೇ ಒಪ್ಪಿಕೊಂಡಿರುವಾಗ, ಕಪಟವೆಂಬ ಮಾತನ್ನು ಸ್ವಲ್ಪ ಮಿತವಾಗಿ ಬಳಸಬಹುದಿತ್ತು. ವೇಷವನ್ನು ಧರಿಸಿದವನಿಗೆ ಆಚಾರವು ಗೊತ್ತಾಗುವುದು; ಆ ಆಚಾರವನ್ನು ಮನೆಯವರು ಏಕೆ ಹಿಡಿದುಕೊಂಡಿದ್ದಾರೆಂಬುದು ಗೊತ್ತಾಗಬೇಕಾದರೆ ಬಹುಶಃ ಪಂಕ್ತಿಯಲ್ಲಿ ಎಲೆ ಬೀಳಬೇಕು.

ಹೀಗಿರಲು, ಗ್ರಂಥವು ಅಚ್ಚಾಗಿ ನೂರೈವತ್ತು ವರ್ಷಗಳು ಕಳೆದಮೇಲೆ ಒಂದು ಆಶ್ಚರ್ಯವು ಹೊರಬಿದ್ದಿತು. ಸಿಲ್ವಿಯಾ ಮುರ್ ಎಂಬ ಫ್ರೆಂಚ್ ವಿದುಷಿಯು ಲಂಡನ್ನಿನ ಇಂಡಿಯಾ ಆಫೀಸಿನ ಸಂಗ್ರಹದಲ್ಲಿ ಒಂದು ಹಳೆಯ ಹಸ್ತಪ್ರತಿಯನ್ನು ಗುರುತಿಸಿ, 1987ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದಳು. ಅದು ಡೆವೋ ಎಂಬ ಫ್ರೆಂಚ್ ಸೈನ್ಯಾಧಿಕಾರಿಯು 1777ರ ಸುಮಾರಿನಲ್ಲಿ ಸಿದ್ಧಪಡಿಸಿದುದು. ಅದಕ್ಕೂ ಆಧಾರವಾಗಿದ್ದುದು ಕೇರ್ದೂ ಎಂಬ ಜೆಸ್ಯೂಟ್ ಪಾದ್ರಿಯ ಬರಹ. ಈ ಕೇರ್ದೂ 1732ರಲ್ಲಿ ಇಂಡಿಯಾಕ್ಕೆ ಬಂದು, ತೆಲುಗು ಸೀಮೆಯಲ್ಲಿಯೂ ಪುದುಚೇರಿಯಲ್ಲಿಯೂ ಬಾಳಿ, 1779ರಲ್ಲಿ ಮೃತನಾದನು. ಸಂಸ್ಕೃತಕ್ಕೂ ಲ್ಯಾಟಿನ್ ಗ್ರೀಕ್ ಭಾಷೆಗಳಿಗೂ ಇರುವ ಸಾದೃಶ್ಯವನ್ನು, ವಿಲಿಯಂ ಜೋನ್ಸನು ಹೇಳುವುದಕ್ಕೆ ಎಷ್ಟೋ ಮೊದಲೇ, 1767ರಲ್ಲಿ ಬರೆದು ಕಳುಹಿಸಿದ್ದ ಮಹಾಪಂಡಿತನು ಆತನು. ಎರಡು ಗ್ರಂಥಗಳನ್ನೂ ಪಕ್ಕದಲ್ಲಿಟ್ಟು ನೋಡಿದಾಗ, ಡುಬಾಯ್ ತನ್ನ ಕಣ್ಣಿನ ಸಾಕ್ಷ್ಯವೆಂದು ಕೊಟ್ಟುದರಲ್ಲಿ ಬಹುಭಾಗವು ಕೇರ್ದೂವಿನ ಬರಹದಿಂದ ಬಂದುದೆಂದು ಸ್ಪಷ್ಟವಾಯಿತು. ಕೇರ್ದೂವಿನ ಹೆಸರನ್ನು ಆತನು ಹೇಳಲಿಲ್ಲ.

ಕೃತಿಚೌರ್ಯವೆಂಬ ಕಟುವಾದ ಮಾತನ್ನು ಹಲವರು ಆಡಿದ್ದಾರೆ. ಆ ಕಾಲದ ಪಾದ್ರಿಗಳಲ್ಲಿ ಹಿರಿಯರ ಟಿಪ್ಪಣಿಗಳು ಕಿರಿಯರಿಗೆ ಕೈಬದಲಾಗುತ್ತಿದ್ದುವೆಂಬುದು ನಿಜ. ನಮ್ಮಲ್ಲಿಯೂ ಗುರುವಿನ ಓಲೆಯ ಕಟ್ಟು ಶಿಷ್ಯನಿಗೆ ಸೇರುವುದುಂಟು. ಆದರೆ ಶಿಷ್ಯನು ಗುರುವಿಗೆ ನಮಸ್ಕಾರಮಾಡಿ ಗ್ರಂಥವನ್ನು ಆರಂಭಿಸುತ್ತಾನೆ. ಇಲ್ಲಿ ಆ ನಮಸ್ಕಾರವಿಲ್ಲ. 2,000 ವರಹಗಳ ರಶೀತಿಯಿದೆ. ನಮಗೆ ಇದಕ್ಕಿಂತ ಮುಖ್ಯವಾದುದು ಇನ್ನೊಂದು. ಮೈಸೂರಿನ ಮನೆಗಳ ಆಚಾರವೆಂದು ಇಂಗ್ಲಿಷ್ ಅಧಿಕಾರಿಗಳು ನೂರು ವರ್ಷ ಓದಿದ ಎಷ್ಟೋ ಸಂಗತಿಗಳು ಮೈಸೂರಿನವಾಗಿರದೆ, ಪೂರ್ವತೀರದ ತೆಲುಗು ತಮಿಳು ಮನೆಗಳಲ್ಲಿ ಅರ್ಧ ಶತಮಾನದ ಹಿಂದೆ ಕಂಡವುಗಳಾಗಿರಬೇಕು. ಇದು ನಮ್ಮ ಮನೆಯ ಪದ್ಧತಿಯಲ್ಲವಲ್ಲ ಎಂದು ಆ ಪುಸ್ತಕವನ್ನು ಓದಿ ಗೊಣಗಿದ ಇಲ್ಲಿಯ ಹಿರಿಯರಿದ್ದರೆ, ಅವರ ಗೊಣಗಾಟವೂ ಒಂದು ಪ್ರಮಾಣವೇ ಆಗಿತ್ತು.

ಹಾಗಾದರೆ ಆತನದೆಂದು ಉಳಿಯುವುದೇನು? ಪುಸ್ತಕವು ಸಂದೇಹಾಸ್ಪದವಾದರೂ ಬಾಳು ಸಂದೇಹಾಸ್ಪದವಲ್ಲ. ಬಿಸಿಲಿನಲ್ಲಿ ನಡೆದ ಕಾಲುಗಳು ಆತನವೇ. ಮೂವತ್ತೊಂದು ವರ್ಷ ಉಟ್ಟ ಬಟ್ಟೆ ಆತನದೇ. 25,432 ತೋಳುಗಳನ್ನು ಯಾರ ಹಸ್ತಪ್ರತಿಯಿಂದಲೂ ನಕಲುಮಾಡಲಾಗದು. ಕ್ರೈಸ್ತಮತಪ್ರಚಾರವೆಂಬ ತನ್ನ ಮುಖ್ಯೋದ್ದೇಶದಲ್ಲಿ ಮಾತ್ರ ತಾನು ಸೋತೆನೆಂದು ಆತನು ಮುಚ್ಚುಮರೆಯಿಲ್ಲದೆ ಬರೆದನು. ಇಪ್ಪತ್ತೈದು ವರ್ಷಗಳಲ್ಲಿ ಹೊಸದಾಗಿ ಸೇರಿದವರು 200ರಿಂದ 300 ಮಂದಿ ಮಾತ್ರವೆಂದೂ, ಅವರಲ್ಲಿಯೂ ಹಲವರು ಹಿಂದಿರುಗಿದರೆಂದೂ, ಯೂರೋಪಿನವರು ಗೋಮಾಂಸವನ್ನು ತಿಂದು ಮದ್ಯವನ್ನು ಕುಡಿದು ನಡೆದುಕೊಂಡ ರೀತಿಯೇ ಇದಕ್ಕೆ ದೊಡ್ಡ ಕಾರಣವೆಂದೂ 1823ರಲ್ಲಿ ಪ್ರಕಟವಾದ ತನ್ನ ಪತ್ರಗಳಲ್ಲಿ ಒಪ್ಪಿಕೊಂಡನು. ಅದನ್ನು ಓದಿದ ಇತರ ಪಾದ್ರಿಗಳು ಕೋಪಗೊಂಡರು. ತನ್ನ ಸೋಲನ್ನು ಹೀಗೆ ಅಂಕಿಗಳಲ್ಲಿ ಬರೆದವನನ್ನು ಕೇವಲ ಕಪಟಿಯೆನ್ನುವುದು ನ್ಯಾಯವಾಗದು.

ಅದೇ 1823ರ ಜನವರಿ 15ರಂದು ಆತನು ಕಂಪನಿಯ ವಿಶ್ರಾಂತಿವೇತನವನ್ನು ಪಡೆದು ಹಡಗನ್ನು ಹತ್ತಿದನು. ಪ್ಯಾರಿಸ್ಸಿನಲ್ಲಿ ತನ್ನ ಸಂಘದ ವಿದ್ಯಾಶಾಲೆಯಲ್ಲಿಯೇ ನೆಲಸಿ, 1836ರಿಂದ 1839ರವರೆಗೆ ಅದರ ಮುಖ್ಯಸ್ಥನಾಗಿದ್ದು, 1848ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ತೀರಿಕೊಂಡನು. ಮೂವತ್ತು ವರ್ಷ ನೆಲದ ಮೇಲೆ ಕುಳಿತು ಕೈಯಿಂದ ಊಟಮಾಡಿದವನು ಮರಳಿ ಮೇಜಿಗೂ ಮುಳ್ಳುಚಮಚಕ್ಕೂ ಹೇಗೆ ಒಗ್ಗಿಕೊಂಡನೋ, ಅದನ್ನು ಬರೆಯಲು ಅಲ್ಲಿ ವಿಲ್ಕ್ಸನಂತಹವನು ಯಾರೂ ಇರಲಿಲ್ಲ. ಊರಿಗೆ ಹಿಂದಿರುಗಿದ ಮೂರನೆಯ ವರ್ಷ, 1826ರಲ್ಲಿ, ಆತನು ಇನ್ನೊಂದು ಪುಸ್ತಕವನ್ನು ಪ್ರಕಟಿಸಿದನು. ಇದರಲ್ಲಿ ನಿಂದೆಯೂ ಇಲ್ಲ, ಆಚಾರಗಳ ವಿಚಾರವೂ ಇಲ್ಲ. ಇದು ಪಂಚತಂತ್ರದ ಕಥೆಗಳ ಫ್ರೆಂಚ್ ರೂಪ, ಜೊತೆಯಲ್ಲಿ ಪರಮಾರ್ಥಗುರುವಿನ ಕಥೆಯೂ ಸೇರಿದೆ. ಈ ಸಲ ಆತನು ತನ್ನ ಮೂಲಗಳನ್ನು ಮರೆಮಾಡಲಿಲ್ಲ. ಪಂಚತಂತ್ರಕ್ಕೆ ತನ್ನ ಮುಂದೆ ಮೂರು ಪ್ರತಿಗಳಿದ್ದುವೆಂದು ಬರೆದನು: ಒಂದು ತಮಿಳಿನದು, ಒಂದು ತೆಲುಗಿನದು, ಮತ್ತೊಂದು ಕನ್ನಡದ್ದು.